ಮನಸ್ಸಿನ ಸ್ವಾಸ್ಥ್ಯಕ್ಕೆ ಯೋಗದ ಆಸರೆ

(ದೇವನೂರಿನಲ್ಲಿ ಶ್ರೀಮಠದ ಮಹೋತ್ಸವದ ಸಂದರ್ಭದಲ್ಲಿ ಮಾಡಿದ ಉಪನ್ಯಾಸ)

ಯೋಗದ ಮಹಿಮೆಯನ್ನು ಕೊಂಡಾಡುವ ಉಪನ್ಯಾಸಗಳು ನಮ್ಮ ನಾಡಿನಲ್ಲಿ ಬೇಕಾದಷ್ಟು ನಡೆದಿವೆ. ಆದಕಾರಣ ಅದನ್ನೇ ಮತ್ತೊಮ್ಮೆ ಹೇಳಿ ತಮ್ಮ ಕಾಲವನ್ನು ಕಳೆಯುವ ಇಚ್ಛೆ ನನಗಿಲ್ಲ. ಮನಸ್ಸಿನ ಬೇನೆಯಿಂದ ನರಳುವವನಿಗೆ ಯೋಗವು ಎಷ್ಟರ ಮಟ್ಟಿಗೆ ನೆರವಾಗುತ್ತದೆ, ಎಲ್ಲಿ ನೆರವಾಗಲಾರದು, ಆ ನೆರವು ಅವನಿಗೆ ದೊರೆಯಬೇಕಾದರೆ ಮನೆಯವರೂ ಶ್ರೀಮಠವೂ ಮಾಡಬೇಕಾದುದೇನು, ಈ ಮೂರು ಪ್ರಶ್ನೆಗಳನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ಈ ದೇವನೂರು ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶನ ಊರೆಂದು ಕನ್ನಡ ನಾಡಿಗೆಲ್ಲ ಹೆಸರಾಗಿದೆ. ಆ ಕಾವ್ಯದ ಸೀತಾಪರಿತ್ಯಾಗದ ಪ್ರಸಂಗವನ್ನು ಗಮಕಿಗಳು ರಾಗವಾಗಿ ಓದಿದರೆ ಕಣ್ಣು ಒದ್ದೆಯಾಗದವರು ವಿರಳ. ಪರರ ದುಃಖವನ್ನು ಕೇಳಿ ಕರಗುವ ಹೃದಯ ನಮ್ಮ ಜನಕ್ಕೆ ಉಂಟೆಂಬುದಕ್ಕೆ ಇದೇ ಸಾಕ್ಷಿ. ಆದರೆ ಕಾವ್ಯದ ದುಃಖಕ್ಕೆ ಕರಗುವ ನಾವೇ, ನೆರೆಮನೆಯ ಹುಡುಗನು ಆರು ತಿಂಗಳಿಂದ ಯಾರೊಡನೆಯೂ ಮಾತನಾಡದೆ ಮೂಲೆ ಹಿಡಿದು ಕುಳಿತರೆ ಅವನನ್ನು ಸೋಮಾರಿಯೆಂದು ಹಳಿಯುತ್ತೇವೆ. ಹೆರಿಗೆಯಾದ ಸೊಸೆಯು ಮಗುವಿನ ಮುಖವನ್ನೂ ನೋಡದೆ ಅಳುತ್ತಿದ್ದರೆ ಹಟಮಾರಿಯೆನ್ನುತ್ತೇವೆ. ಕೊಳವೆಬಾವಿ ಬತ್ತಿ, ತೆಂಗು ಒಣಗಿ, ಸಾಲ ಏರಿ, ನಿದ್ದೆ ಕೆಟ್ಟ ರೈತನಿಗೆ ಧೈರ್ಯ ತಂದುಕೋ ಎಂದು ಹೇಳಿ ನಮ್ಮ ಕರ್ತವ್ಯ ಮುಗಿಯಿತೆಂದು ಎದ್ದುಬರುತ್ತೇವೆ. ಕೈಕಾಲಿಗೆ ಬಂದ ರೋಗವನ್ನು ಹತ್ತು ಜನರೆದುರು ಹೇಳಿಕೊಳ್ಳುತ್ತೇವೆ. ಮನಸ್ಸಿಗೆ ಬಂದ ರೋಗವನ್ನು ಮಾತ್ರ ಬಾಗಿಲು ಹಾಕಿ ಮರೆಮಾಡುತ್ತೇವೆ.

ಈ ಮರೆಮಾಚುವಿಕೆಯು ಎಷ್ಟು ವಿಸ್ತಾರವಾದುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ತೋರಿಸಿಕೊಟ್ಟಿತು. ಆ ಲೆಕ್ಕದಂತೆ ಪ್ರಾಯಸ್ಥರಲ್ಲಿ ನೂರಕ್ಕೆ 10ಕ್ಕಿಂತ ಹೆಚ್ಚು ಮಂದಿ ಯಾವುದಾದರೊಂದು ಬಗೆಯ ಮನೋರೋಗದಿಂದ ಬಳಲುತ್ತಿದ್ದರು. ಇಂತಹ ರೋಗಗಳಲ್ಲಿ ಹೆಚ್ಚಿನವುಗಳ ವಿಷಯದಲ್ಲಿ, ನರಳುವವರ ಪೈಕಿ ನೂರಕ್ಕೆ 70ಕ್ಕೂ ಮೇಲ್ಪಟ್ಟವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಎಂದರೆ, ಇದು ಒಂದಿಬ್ಬರ ಮನೆಯ ಕಥೆಯಲ್ಲ. ಈ ಸಭೆಯಲ್ಲಿ ಕುಳಿತಿರುವ ಮನೆತನಗಳಲ್ಲಿಯೂ ಇದನ್ನು ನುಂಗಿಕೊಂಡು ಕುಳಿತವರು ಇರಲೇಬೇಕು. ಅವರಿಗೆ ನಾನು ಮೊದಲು ಹೇಳಬೇಕಾದುದು ಇಷ್ಟೆ: ಮನೋರೋಗವು ಪಾಪದ ಫಲವಲ್ಲ, ಗ್ರಹಚೇಷ್ಟೆಯಲ್ಲ, ಮನೆತನದ ಕಳಂಕವೂ ಅಲ್ಲ. ಅದು ರೋಗ. ರೋಗವಾದುದರಿಂದಲೇ ಅದಕ್ಕೆ ಚಿಕಿತ್ಸೆಯೂ ಚೇತರಿಕೆಯೂ ಉಂಟು.

ಇನ್ನು ಯೋಗದ ಮಾತಿಗೆ ಬರುತ್ತೇನೆ. ಪತಂಜಲಿ ಮಹರ್ಷಿಯು ಯೋಗಸೂತ್ರದಲ್ಲಿ ಸಾಧಕನ ದಾರಿಗೆ ಅಡ್ಡಬರುವ ಒಂಬತ್ತು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಮೊದಲನೆಯದು ವ್ಯಾಧಿ. ಆ ವಿಘ್ನಗಳ ಜತೆಗೂಡಿ ಕಾಣಿಸಿಕೊಳ್ಳುವ ನಾಲ್ಕು ಲಕ್ಷಣಗಳನ್ನೂ ಅವನು ಹೇಳುತ್ತಾನೆ: ದುಃಖ, ಮನಸ್ಸಿನ ಕುಗ್ಗು, ಅಂಗಗಳ ನಡುಕ, ಉಸಿರಿನ ಏರುಪೇರು. ಈ ನಾಲ್ಕನ್ನೂ ಒಂದೇ ಎಳೆಯಲ್ಲಿ ಪೋಣಿಸಿರುವುದು ಸೂಕ್ಷ್ಮವಾದ ವಿಚಾರ. ಮನಸ್ಸು ಕೆಟ್ಟಾಗ ಮೈ ನಡುಗುತ್ತದೆ, ಉಸಿರು ತಪ್ಪುತ್ತದೆ. ಭಯಗೊಂಡವನ ಎದೆಯ ಮೇಲೆ ಕೈಯಿಟ್ಟು ನೋಡಿದ ತಾಯಂದಿರಿಗೆ ಇದನ್ನು ಯಾರೂ ಬೋಧಿಸಬೇಕಾಗಿಲ್ಲ. ಹಾಗಾದರೆ ಮೈಯನ್ನೂ ಉಸಿರನ್ನೂ ಹದಕ್ಕೆ ತಂದರೆ ಮನಸ್ಸು ತುಸುವಾದರೂ ಹದಕ್ಕೆ ಬಂದೀತೇ? ಯೋಗದಿಂದ ಮನೋರೋಗಿಗೆ ಪ್ರಯೋಜನವುಂಟೇ ಎಂಬ ಪ್ರಶ್ನೆಯೆಲ್ಲವೂ ಇದರಲ್ಲಿಯೇ ಅಡಗಿದೆ.

ಇಲ್ಲಿ ನಮ್ಮ ಶರಣರ ಪರಂಪರೆಯು ಕೊಟ್ಟಿರುವ ಒಂದು ಎಚ್ಚರಿಕೆಯನ್ನು ನೆನೆಯುವುದು ಯುಕ್ತ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ಅಲ್ಲಮಪ್ರಭುವಿನ ಮತ್ತು ಗೋರಕ್ಷನ ಪ್ರಸಂಗವನ್ನು ತಾವೆಲ್ಲರೂ ಪುರಾಣದಲ್ಲಿ ಕೇಳಿದ್ದೀರಿ. ಗೋರಕ್ಷನು ಸಾಧನೆಯಿಂದ ತನ್ನ ದೇಹವನ್ನು ವಜ್ರದಂತೆ ಮಾಡಿಕೊಂಡಿದ್ದನು. ಖಡ್ಗದ ಪೆಟ್ಟು ಬಿದ್ದರೆ ಖಣಿಲೆಂದಿತೇ ಹೊರತು ಮೈ ಸೀಳಲಿಲ್ಲ. ಪ್ರಭುವಿನ ಮೇಲೆ ಅದೇ ಖಡ್ಗವನ್ನು ಬೀಸಿದಾಗ ಅದು ಬಯಲಿನಲ್ಲಿ ಹಾದಂತೆ ಹಾದುಹೋಯಿತು. ಮೈಯನ್ನು ಬಿಗಿಮಾಡುವುದು ಯೋಗದ ಗುರಿಯಲ್ಲ, ನಾನೆಂಬ ಗಂಟನ್ನು ಸಡಿಲಿಸುವುದೇ ಗುರಿ ಎಂಬುದು ಈ ಪ್ರಸಂಗದ ತಾತ್ಪರ್ಯ. ಮನಸ್ಸಿನಿಂದ ನೊಂದವನಿಗೆ ಯೋಗವನ್ನು ಕಲಿಸುವವರು ಇದನ್ನು ಮರೆಯಲಾಗದು. ಅವನಿಗೆ ಬೇಕಾದುದು ತಲೆ ಕೆಳಗಾಗಿ ನಿಲ್ಲುವ ಸಾಹಸವಲ್ಲ; ಬಿಗಿದ ಹುಬ್ಬು, ಬಿಗಿದ ಹೆಗಲು, ಬಿಗಿದ ಎದೆ ಸಡಿಲುವಂತಹ ಸೌಮ್ಯವಾದ ಅಭ್ಯಾಸ.

ಆಸನ ಪ್ರಾಣಾಯಾಮಗಳನ್ನು ಗುಹೆಯಿಂದ ಊರೊಳಕ್ಕೆ ತಂದವರಲ್ಲಿ ಕನ್ನಡ ನಾಡಿನವರಿಗೆ ದೊಡ್ಡ ಪಾಲುಂಟು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆಯನ್ನು ಆರಂಭಿಸಿದರು. ಮರುವರ್ಷವೇ ಅವರ 'ಯೋಗ ಮಕರಂದ'ವು ಕನ್ನಡದಲ್ಲಿ ಪ್ರಕಟವಾಯಿತು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಮಲೇರಿಯ ಕ್ಷಯಾದಿಗಳಿಂದ ಕೃಶನಾಗಿದ್ದ ಹುಡುಗನೊಬ್ಬನು ಆ ಗುರುಗಳಲ್ಲಿ ಅಭ್ಯಾಸ ಮಾಡಿ ಮೈ ಕುದುರಿಸಿಕೊಂಡನು. ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಲೋಕವು ಕೊಂಡಾಡಿದ್ದು ಅವರನ್ನೇ. ನಮ್ಮ ನೆರೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಶ್ರೀ ರಾಘವೇಂದ್ರ ಸ್ವಾಮೀಜಿಯವರು ಅನಾಥ ಸೇವಾಶ್ರಮವನ್ನು ಕಟ್ಟಿ, ಯೋಗವನ್ನೂ ಆಯುರ್ವೇದ ಚಿಕಿತ್ಸೆಯನ್ನೂ ಬಡವರ ಬಾಗಿಲಿಗೆ ತಲುಪಿಸಿ, 1996ರಲ್ಲಿ ಕಾಲವಾಗುವವರೆಗೂ ಆ ಸೇವೆಯಲ್ಲಿಯೇ ಸವೆದರು. ಇವರೆಲ್ಲರಿಂದ ಯೋಗವು ದೇಹದ ಆರೋಗ್ಯಕ್ಕೆ ಸಾಧನವೆಂಬುದು ಜನರ ಮನಸ್ಸಿನಲ್ಲಿ ನೆಲೆಗೊಂಡಿತು. ಆದರೆ ಚಿತ್ತವೇ ಕದಡಿದವನಿಗೆ ಅದರಿಂದ ಏನಾಗುತ್ತದೆ ಎಂಬುದನ್ನು ಅಳೆದು ನೋಡುವ ಕೆಲಸ ಉಳಿದೇ ಇತ್ತು.

ಆ ಕೆಲಸವು ನಡೆದುದು ಬೆಂಗಳೂರಿನಲ್ಲಿ. ಅಲ್ಲಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದಿತು. 1954ರಲ್ಲಿ ಅದರ ಜತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಎನಿಸಿದವು. ಅಲ್ಲಿನ ವೈದ್ಯರು ಯೋಗವನ್ನು ಹೊಗಳಲೂ ಇಲ್ಲ, ಹಳಿಯಲೂ ಇಲ್ಲ. ಔಷಧವನ್ನು ಪರೀಕ್ಷಿಸುವ ಹಾಗೆಯೇ ಅದನ್ನೂ ಪರೀಕ್ಷಿಸಿದರು. ಆ ಪರೀಕ್ಷೆಗಳಲ್ಲಿ ಎರಡನ್ನು ಮಾತ್ರ ತಮಗೆ ನಿವೇದಿಸುತ್ತೇನೆ.

ಮೊದಲನೆಯದು 2000ದಲ್ಲಿ ಪ್ರಕಟವಾದುದು. ಕಠಿಣವಾದ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ್ದ 45 ಮಂದಿಯನ್ನು ಹದಿನೈದು ಹದಿನೈದು ಜನರ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಎಂಬ ಔಷಧ, ಮೂರನೆಯದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಗೆ ವಿದ್ಯುತ್ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 93, ಔಷಧದ ಗುಂಪಿನಲ್ಲಿ 73, ಉಸಿರಾಟದ ಗುಂಪಿನಲ್ಲಿ 67ರಷ್ಟು ಮಂದಿಯ ಖಿನ್ನತೆ ಇಳಿದಿತ್ತು. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಬರಿಯ ಉಸಿರಿನ ಅಭ್ಯಾಸವು ಔಷಧಕ್ಕೆ ಸಮೀಪವಾಗಿ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಜನರು ಹೆಸರು ಕೇಳಿಯೇ ಬೆದರುವ ವಿದ್ಯುತ್ ಚಿಕಿತ್ಸೆ. ಮೇಲಾಗಿ ಅಲ್ಲಿ ಅಭ್ಯಾಸ ಮಾಡಿದವರು ವೈದ್ಯರ ಕಣ್ಣಮುಂದೆ, ಆಸ್ಪತ್ರೆಯೊಳಗೆ ಇದ್ದವರು. ಆದುದರಿಂದ ಜೀವದ ಮೇಲೆ ಆಸೆ ಬಿಟ್ಟಂತೆ ಮಾತನಾಡುವವನನ್ನು ಮನೆಯಲ್ಲಿ ಕೂರಿಸಿ ಪ್ರಾಣಾಯಾಮ ಮಾಡಿಸಿದರೆ ಸಾಕೆಂದು ಈ ಪರೀಕ್ಷೆಯಿಂದ ಯಾರೂ ತಿಳಿಯಬಾರದು.

ಎರಡನೆಯದು 2007ರಲ್ಲಿ ಪ್ರಕಟವಾದುದು. ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ಸಂಬಂಧಿಸಿದುದು. ಇಲ್ಲದ ದನಿ ಕೇಳುವುದು, ಬೆನ್ನ ಹಿಂದೆ ಯಾರೋ ಸಂಚು ಹೂಡುತ್ತಿದ್ದಾರೆಂದು ಬೆದರುವುದು, ಮೈಮೇಲೆ ಲಕ್ಷ್ಯವಿಲ್ಲದೆ ಒಬ್ಬನೇ ಕುಳಿತಿರುವುದು ಇದರ ಲಕ್ಷಣಗಳು. ಇಂತಹ 61 ರೋಗಿಗಳಲ್ಲಿ 31 ಮಂದಿಗೆ ಯೋಗವನ್ನೂ 30 ಮಂದಿಗೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿದರು. ಔಷಧವು ಎಲ್ಲರಿಗೂ ನಡೆದೇ ಇತ್ತು. ನಾಲ್ಕು ತಿಂಗಳ ಮೇಲೆ ನೋಡಿದಾಗ ಯೋಗದ ಗುಂಪಿನವರಲ್ಲಿ ರೋಗದ ಲಕ್ಷಣಗಳು ಹೆಚ್ಚು ತಗ್ಗಿದ್ದವು; ಜನರೊಡನೆ ಬೆರೆಯುವುದು, ಕೆಲಸಕ್ಕೆ ಕೈಹಾಕುವುದು, ಬಾಳಿನಲ್ಲಿ ರುಚಿ ಕಾಣುವುದು ಹೆಚ್ಚಿದ್ದವು. ಔಷಧವು ದನಿಗಳನ್ನು ಅಡಗಿಸಿ ಭಯವನ್ನು ಇಳಿಸಬಲ್ಲುದು. ಆದರೆ ಅಷ್ಟರಿಂದಲೇ ಮನುಷ್ಯನು ಎದ್ದು ಮಿಂದು, ನಾಲ್ಕು ಜನರಲ್ಲಿ ಕುಳಿತು, ತೋಟದ ಕೆಲಸಕ್ಕೆ ಹೊರಡುವನೆಂದಿಲ್ಲ. ಔಷಧದ ಕೈ ಸೋಲುವ ಆ ಎಡೆಯಲ್ಲಿ ಯೋಗವು ಕೈಹಿಡಿಯಿತು. ಔಷಧವು ಹೊಳೆಯಿಂದ ದಡಕ್ಕೆ ತಂದರೆ, ದಡದಿಂದ ಮನೆಯವರೆಗೆ ನಡೆಯಲು ಯೋಗವು ಊರುಗೋಲಾಗುತ್ತದೆ. ಊರುಗೋಲಿದೆಯೆಂದು ದೋಣಿಯನ್ನು ಬಿಟ್ಟವನು ನಡುಹೊಳೆಯಲ್ಲಿ ಮುಳುಗುತ್ತಾನೆ.

ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯುಂಟು. ಆರಂಭಿಸಿದ 61 ಮಂದಿಯಲ್ಲಿ ನಾಲ್ಕು ತಿಂಗಳ ಕೊನೆಗೆ ಉಳಿದವರು 41 ಮಂದಿ. ಮೂವರಲ್ಲಿ ಒಬ್ಬನು ನಡುವೆಯೇ ಬಿಟ್ಟುಹೋದನು. ಮುಂದೆ ಅದೇ ಸಂಸ್ಥೆಯವರು, ಯೋಗವನ್ನು ಕಲಿಯಲು ಅರ್ಹರಾದ ರೋಗಿಗಳೂ ಏಕೆ ಬರಲೊಲ್ಲರೆಂದು ವಿಚಾರಿಸಿದರು. ಯೋಗಕೇಂದ್ರವು ದೂರ, ಜತೆಯಲ್ಲಿ ಬರುವವರಿಲ್ಲ, ಕೆಲಸದಿಂದ ಬಿಡುವಿಲ್ಲ, ಇವೇ ಮುಖ್ಯವಾಗಿ ಬಂದ ಉತ್ತರಗಳು. ಮಹನೀಯರೇ, ಇಲ್ಲಿ ತಾವು ಸ್ವಲ್ಪ ಲಕ್ಷ್ಯವಿಡಬೇಕು. ಯೋಗದಿಂದ ಉಪಯೋಗವಿಲ್ಲವೆಂದು ಜನರು ದೂರ ನಿಂತದ್ದಲ್ಲ. ಹತ್ತಿರದಲ್ಲಿ ಒಂದು ಜಾಗ, ಜತೆಗೆ ಒಬ್ಬ ಮನುಷ್ಯ, ದಿನವೂ ತಪ್ಪದ ಒಂದು ಹೊತ್ತು, ಈ ಮೂರು ಇಲ್ಲದೆ ದೂರ ಉಳಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಯು ಎಷ್ಟೇ ದೊಡ್ಡದಾದರೂ ಸುಮಾರು ಇನ್ನೂರು ಕಿಲೋಮೀಟರು ದೂರದಿಂದ ಕಡೂರು ಸೀಮೆಯ ರೈತನಿಗೆ ಈ ಮೂರನ್ನು ಕೊಡಲಾರದು. ಆದರೆ ಮಠವೆಂದರೇನು? ಹತ್ತಿರದ ಜಾಗ, ಜತೆಯ ಜನ, ತಪ್ಪದ ಹೊತ್ತು, ಇವೇ ಅಲ್ಲವೇ ಮಠ?

ಈ ಅಭ್ಯಾಸವು ಒಳಗೆ ಮಾಡುವ ಕೆಲಸವೇನು ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮುಂಗೈಯ ನಾಡಿಯನ್ನು ಹಿಡಿದು ಉಸಿರನ್ನು ನಿಧಾನವಾಗಿ ಹೊರಕ್ಕೆ ಬಿಟ್ಟು ನೋಡಿ. ಹೊರಬಿಡುವಾಗ ನಾಡಿಯ ಬಡಿತ ತುಸು ಇಳಿಯುತ್ತದೆ. ಎದೆಯ ಓಟವು ಹೀಗೆ ತಗ್ಗಿದಾಗ ಶರೀರವು ಅಪಾಯ ಕಳೆಯಿತೆಂದು ಅರಿತು ಬಿಗಿತವನ್ನು ಬಿಡುತ್ತದೆ. ಇದು ಮೊದಲನೆಯದು. ಎರಡನೆಯದು, ಆಸನದಲ್ಲಿ ಲಕ್ಷ್ಯವೆಲ್ಲವೂ ಬೆನ್ನು ತೋಳುಗಳಲ್ಲಿ ನೆಲೆಸುವುದರಿಂದ, ಕಳೆದುಹೋದುದನ್ನೂ ಮುಂದೆ ಬರಲಿರುವುದನ್ನೂ ಮೆಲುಕು ಹಾಕುವ ಚಿಂತೆಗೆ ಕೆಲಕಾಲ ಎಡೆ ಸಿಗುವುದಿಲ್ಲ. ಮೂರನೆಯದು, ಕೆಲವು ಮನೋರೋಗಗಳ ಔಷಧಗಳಿಂದ ಮೈ ಭಾರವಾಗುವುದೂ ಜಡವಾಗುವುದೂ ಉಂಟು. ಅಭ್ಯಾಸದಿಂದ ಅದು ತಕ್ಕಮಟ್ಟಿಗೆ ಹತೋಟಿಗೆ ಬರುತ್ತದೆ. ನಾಲ್ಕನೆಯದೂ ನನ್ನ ದೃಷ್ಟಿಯಲ್ಲಿ ಬಹಳ ಬೆಲೆಯುಳ್ಳದ್ದೂ ಯಾವುದೆಂದರೆ ದಿನಚರಿ. ಮನೋರೋಗವು ಮೊದಲು ಕೆಡಿಸುವುದೇ ಹಗಲು ಇರುಳುಗಳ ಕ್ರಮವನ್ನು. ದಿನವೂ ಒಂದೇ ಹೊತ್ತಿಗೆ ಎದ್ದು ಒಂದೇ ಜಾಗದಲ್ಲಿ ಕುಳಿತುಕೊಳ್ಳುವ ನಿಯಮವು ಮುರಿದ ಕ್ರಮವನ್ನು ಮೆಲ್ಲಮೆಲ್ಲನೆ ಕಟ್ಟಿಕೊಡುತ್ತದೆ. ಬೆಳಗಿನಲ್ಲಿ ಮಿಂದು, ಭಸ್ಮ ಧರಿಸಿ, ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ಕುಳಿತುಕೊಳ್ಳುವ ಮನೆತನಗಳಿಗೆ ಇದು ಹೊಸ ಮಾತಲ್ಲ.

ಅಭ್ಯಾಸದ ಕ್ರಮವು ಹೀಗಿರಲಿ. ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಿ, ಅವರ ಒಪ್ಪಿಗೆ ಪಡೆದ ಮೇಲೆ, ಬಲ್ಲವರ ಎದುರಿನಲ್ಲಿ ಆರಂಭಿಸತಕ್ಕದ್ದು. ಹೊಟ್ಟೆ ಹಗುರವಾಗಿರುವ ಬೆಳಗಿನ ಹೊತ್ತು ಉತ್ತಮ. ಅರ್ಧ ಗಂಟೆ ಸಾಕು. ಮೊದಲು ಕೈಕಾಲು ಕತ್ತುಗಳನ್ನು ಸಡಿಲಿಸುವುದು, ಆಮೇಲೆ ತಾಡಾಸನ, ಅರ್ಧಕಟಿ ಚಕ್ರಾಸನ, ವಕ್ರಾಸನ, ಭುಜಂಗಾಸನಗಳಂತಹ ಸುಲಭವಾದವು, ಬಳಿಕ ಉಸಿರನ್ನು ಬಿಗಿಹಿಡಿಯದೆ ಮಾಡುವ ನಾಡೀಶೋಧನ, ಭ್ರಮರದಂತೆ ನಾದಗೈಯುವ ಭ್ರಾಮರಿ, ಕೊನೆಗೆ ಶವಾಸನ. ಕಣ್ಣು ಮುಚ್ಚಿದರೆ ಭಯವಾಗುವವನು ಕಣ್ಣು ತೆರೆದೇ ಮಲಗಲಿ. ರೋಗವು ಉಲ್ಬಣಿಸಿರುವಾಗ, ನಿದ್ದೆಯಿಲ್ಲದೆ ಉನ್ಮಾದದಲ್ಲಿ ಓಡಾಡುವಾಗ, ದನಿಗಳು ಕಾಡುವಾಗ ಭಸ್ತ್ರಿಕಾ ಕಪಾಲಭಾತಿಗಳಂತಹ ವೇಗದ ಉಸಿರಾಟ, ಗಂಟೆಗಟ್ಟಳೆಯ ಧ್ಯಾನ, ಮೌನವ್ರತ, ಉಪವಾಸ, ಜಾಗರಣೆ ಇವು ಸಲ್ಲವು. ಆರೋಗ್ಯವಂತನಿಗೆ ಅಮೃತವಾದುದು ಅವನಿಗೆ ಅಪಾಯವಾದೀತು. ಹತ್ತು ದಿನ ಎರಡೆರಡು ಗಂಟೆ ಮಾಡಿ ಬಿಡುವುದಕ್ಕಿಂತ ಆರು ತಿಂಗಳು ದಿನಕ್ಕೆ ಕಾಲು ಗಂಟೆ ಮಾಡುವುದೇ ಲೇಸು.

ಮನೆಯವರ ವಿಷಯವಾಗಿಯೂ ಒಂದು ಮಾತು. ಮನೋರೋಗಿಯನ್ನು ನೋಡಿಕೊಳ್ಳುವ ತಾಯಿಯೋ ಹೆಂಡತಿಯೋ ವರ್ಷಗಟ್ಟಳೆ ನಿದ್ದೆಗೆಟ್ಟು, ನೆಂಟರ ಮನೆಗೆ ಹೋಗದೆ, ಒಳಗೊಳಗೇ ಕುಸಿದಿರುತ್ತಾಳೆ. ಅವಳನ್ನು ಹೇಗಿದ್ದೀಯಮ್ಮಾ ಎಂದು ಕೇಳುವವರಿಲ್ಲ. ಚಿತ್ತವಿಕಲತೆಯಂತಹ ರೋಗಗಳಿಂದ ಬಳಲುವವರ ಆರೈಕೆ ಮಾಡುವ ಮನೆಯವರಿಗೇ ಯೋಗವನ್ನು ಕಲಿಸಿ ನಿಮ್ಹಾನ್ಸಿನವರು ನೋಡಿದಾಗ, ಅವರ ಹೆಗಲಿನ ಭಾರವು ತಗ್ಗಿದಂತೆ ಕಂಡುಬಂದಿತೆಂದು 2013ರಲ್ಲಿ ಪ್ರಕಟಿಸಿದರು. ಆದಕಾರಣ ಅಭ್ಯಾಸಕ್ಕೆ ಕುಳಿತುಕೊಳ್ಳುವಾಗ ರೋಗಿಯೊಬ್ಬನನ್ನೇ ಕೂರಿಸದೆ ಮನೆಯವರೂ ಪಕ್ಕದಲ್ಲಿ ಕುಳಿತುಕೊಳ್ಳುವುದು ಒಳ್ಳೆಯದು. ಅವನು ಒಂಟಿಯಲ್ಲವೆಂಬುದೂ ಅವನಿಗೆ ತಿಳಿಯುತ್ತದೆ. ಇವಳ ಎದೆಯೂ ಹಗುರವಾಗುತ್ತದೆ.

ಇನ್ನು ಶ್ರೀಮಠಕ್ಕೂ ಭಕ್ತಮಂಡಲಿಗೂ ನನ್ನ ಬಿನ್ನಹ. ದುಃಖಿತರಾದವರು ಮೊದಲು ಬರುವುದು ವೈದ್ಯರ ಬಳಿಗಲ್ಲ, ಸ್ವಾಮಿಗಳ ಬಳಿಗೆ. ಮಗನನ್ನು ಕರೆತಂದ ತಂದೆಗೆ ಶ್ರೀಗಳವರು ಆಡುವ ಒಂದು ಮಾತು ಹತ್ತು ವೈದ್ಯರ ಮಾತಿಗಿಂತ ತೂಕವುಳ್ಳದ್ದು. ಔಷಧವನ್ನು ನಿಲ್ಲಿಸು, ಎಲ್ಲವನ್ನೂ ಶಿವನು ನೋಡಿಕೊಳ್ಳುತ್ತಾನೆ ಎಂಬ ಮಾತು ಯಾವ ಗುರುಸ್ಥಾನದಿಂದ ಹೊರಟರೂ ಅದರಿಂದ ಒಂದು ಮನೆ ಹಾಳಾದೀತು. ಏಕೆಂದರೆ ಗುಣವಾಯಿತೆಂದು ಗುಳಿಗೆಯನ್ನು ಥಟ್ಟನೆ ಬಿಟ್ಟವರಲ್ಲಿ ರೋಗವು ಮರುಕಳಿಸುವುದು ಬಹು ಸಾಮಾನ್ಯ. ವಿಭೂತಿಯನ್ನೂ ಹಚ್ಚಿಕೋ, ಗುಳಿಗೆಯನ್ನೂ ನುಂಗು ಎಂಬ ಮಾತು ಹೊರಟರೆ ಅದೇ ಮನೆ ಉಳಿಯುತ್ತದೆ. ವೈದ್ಯನನ್ನು ಕಾಣುವುದರಿಂದ ಭಕ್ತಿಗೆ ಕುಂದಿಲ್ಲ.

ಎರಡನೆಯದಾಗಿ, ಶ್ರೀಮಠದ ಹಜಾರದಲ್ಲಿ ದಿನವೂ ಬೆಳಿಗ್ಗೆ ಅರ್ಧ ಗಂಟೆ ಸೌಮ್ಯವಾದ ಯೋಗಾಭ್ಯಾಸವು ನಡೆಯಲಿ. ಅದನ್ನು ಹುಚ್ಚರ ಯೋಗವೆಂದು ಬೇರೆ ಮಾಡದೆ ಎಲ್ಲರೂ ಕುಳಿತುಕೊಳ್ಳಲಿ. ನೊಂದವನು ನೋಯದವನ ಪಕ್ಕದಲ್ಲಿ ಗುರುತಾಗದಂತೆ ಕುಳಿತಿರಲಿ. ಮೂರನೆಯದಾಗಿ, ಚೇತರಿಸಿಕೊಳ್ಳುತ್ತಿರುವವನಿಗೆ ಶ್ರೀಮಠದಲ್ಲಿ ಒಂದು ಕಾಯಕವಿರಲಿ: ಹೂ ಕೊಯ್ಯುವುದೋ, ದಾಸೋಹದಲ್ಲಿ ಎಲೆ ಹಾಕುವುದೋ, ಗಿಡಕ್ಕೆ ನೀರು ಹಾಯಿಸುವುದೋ. ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನಾವು ಶಿವಯೋಗಿಗಳೆಂದು ಕರೆಯುತ್ತೇವೆ. ಕೆರೆ ಕಟ್ಟಿಸಿದವರೂ ಅವರೇ. ಯೋಗವೂ ಕೆಲಸವೂ ಬೇರೆ ಬೇರೆಯಲ್ಲ. ಪಂಕ್ತಿಯಲ್ಲಿ ಅವನಿಗೂ ಎಲ್ಲರೊಡನೆ ಎಲೆ ಬೀಳಲಿ. ಜನರು ತನ್ನನ್ನು ಮನುಷ್ಯನೆಂದು ಎಣಿಸುತ್ತಾರೆಂಬ ಅರಿವಿಗಿಂತ ದೊಡ್ಡ ಚೇತರಿಕೆಯಿಲ್ಲ.

ನಾಲ್ಕನೆಯದಾಗಿ, ವೈದ್ಯರಲ್ಲಿಗೆ ಹೋಗುವವನಿಗೆ ಜತೆಯಾಗಲು ಇಬ್ಬರು ಮೂವರು ಯುವಕರು ಸಿದ್ಧರಾಗಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವನ್ನು ಕರ್ಣಾಟಕ ಸರ್ಕಾರವು 2014ರಲ್ಲಿ ಆರಂಭಿಸಿತು. ಕಡೂರಿನ ಆಸ್ಪತ್ರೆಯಲ್ಲಿ ವೈದ್ಯರು ದೊರೆಯುವ ದಿನವನ್ನು ವಿಚಾರಿಸಿಕೊಂಡು ಕರೆದೊಯ್ಯಬಹುದು. ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯು 2022ರಿಂದ ಹಗಲಿರುಳೂ ಉಚಿತವಾಗಿ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಶ್ರೀಮಠದ ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕೆಂದು ಪ್ರಾರ್ಥಿಸುತ್ತೇನೆ. ಸಾಯಬೇಕೆಂದು ಬಾಯಿಬಿಟ್ಟು ಹೇಳಿದವನನ್ನು ಬೆದರಿಸುತ್ತಾನೆಂದು ತಳ್ಳಿಹಾಕದೆ, ಅವನನ್ನು ಒಂಟಿಯಾಗಿ ಬಿಡದೆ, ಬೆಳೆಯ ಔಷಧದ ಸೀಸೆಗಳನ್ನು ಅವನ ಕೈಗೆ ಸಿಗದಂತೆ ಬೀಗ ಹಾಕಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಂದು ಯೋಗದ ದಿನವಲ್ಲ. ಯೋಗವು ಆಮೇಲೆ ಬರಲಿ.

ಯೋಗವೆಂದರೆ ಕೂಡುವುದು ಎಂದು ಅರ್ಥವುಂಟು. ಚದರಿದ ಮನಸ್ಸು ಉಸಿರಿನೊಡನೆ ಕೂಡುವುದು ಒಂದು ಯೋಗ. ಚದರಿದ ಮನುಷ್ಯನು ತನ್ನ ಮನೆಯೊಡನೆ, ಊರಿನೊಡನೆ, ಮಠದೊಡನೆ ಮತ್ತೆ ಕೂಡುವುದು ಇನ್ನೊಂದು ಯೋಗ. ಮೊದಲನೆಯದನ್ನು ಅವನು ಸಾಧಿಸಬೇಕು; ಎರಡನೆಯದನ್ನು ನಾವು ಸಾಧಿಸಿಕೊಡಬೇಕು. ಈ ಮಹೋತ್ಸವದ ನೆನಪಾಗಿ ಶ್ರೀಮಠದಲ್ಲಿ ಏನು ಉಳಿಯಬೇಕೆಂದು ಕೇಳಿದರೆ, ನಾಳೆ ಬೆಳಿಗ್ಗೆ ಹಜಾರದಲ್ಲಿ ಹಾಸುವ ನಾಲ್ಕು ಚಾಪೆಗಳು ಉಳಿಯಲಿ ಎಂದು ಅರಿಕೆ ಮಾಡುತ್ತೇನೆ.